ಆಪ್ಶನ್ ಎಂಟ್ರಿ

ಗಂಗಾವತಿ ಬಸ್ ನಿಲ್ದಾಣದ ಎದುರು
ಜೆರಾಕ್ಸ್, ಲ್ಯಾಮಿನೇಷನ್, ಪಹಣಿ, ಆಧಾರ್ ತಿದ್ದುಪಡಿ,
ಬೋರ್ಡಿನಲ್ಲಿ ಇಷ್ಟು ಬರೆಸಿದ್ದೇನೆ.
ಉಳಿದದ್ದನ್ನು ಜನ ತಾವೇ ತರುತ್ತಾರೆ.

ಆವತ್ತು ಸಂಜೆ ಆರಕ್ಕೆ ಕಡೆ ಗಡುವು.
ಮೂರೂವರೆ; ಬಿಸಿಲಿಗೆ ಷಟರ್ ಅರ್ಧ ಇಳಿಸಿದ್ದೆ.
ಬಗ್ಗಿ ಒಳಬಂದದ್ದು ಮೊದಲು ಒಂದು ಕಂಬಳಿ,
ಅದರ ಕೆಳಗೆ ಯಮನೂರಪ್ಪ,
ಹಿಂದೆ ಫೈಲನ್ನು ಎದೆಗವಚಿಕೊಂಡ ಮಗಳು ಹುಲಿಗೆಮ್ಮ.

"ಕಾಡುಪ್ರಾಣಿ ಓದ್ತಾಳಂತ್ರಿ" ಎಂದ,
ಮಗಳಿಗೆ ಜ್ವರ ಎಂದು ಡಾಕ್ಟರಿಗೆ ಹೇಳುವ ದನಿಯಲ್ಲಿ.
"ಹೆಸರಲ್ಲೇ ಹುಲಿ ಇದೆಯಲ್ಲ" ಅಂದೆ.
ನಗಲಿಲ್ಲ ಹುಡುಗಿ.
"ನಮ್ಮ ಕಡೆ ಹುಲಿ ಇಲ್ರಿ. ತೋಳ ಅದಾವು."

ನೋಟ್‌ಬುಕ್ಕಿನ ಕಡೇ ಹಾಳೆಯಲ್ಲಿ ಮೂರು ಹೆಸರು,
ಹೊಡೆದುಹಾಕಿ ಮತ್ತೆ ಬರೆದದ್ದು.
ಮೊದಲನೆಯದರ ಬಣ್ಣದ ಪುಸ್ತಕ ಫೈಲಿನಲ್ಲೇ ಇತ್ತು:
ಗಾಜಿನ ಕಟ್ಟಡ, ನೀಲಿ ಈಜುಕೊಳ,
ರಕ್ಷಾಪುಟದ ಮೇಲೆ ಆಫ್ರಿಕಾದ ಸಿಂಹ.
ವರ್ಷಕ್ಕೆ ಎರಡೂಕಾಲು ಲಕ್ಷ, ಊಟ ಬೇರೆ.
ಯಮನೂರಪ್ಪ ಬೆರಳ ಗೆಣ್ಣು ಎಣಿಸಿದ.
ರೂಪಾಯಿ ಅವನ ಬಾಯಲ್ಲಿ ನಿಲ್ಲುವುದಿಲ್ಲ, ಕುರಿಯಾಗುತ್ತದೆ:
"ನಾಕು ವರ್ಷಕ್ಕ ಹಟ್ಟಿ ಬರಿದು. ನಾಯಿ ಒಂದು ಉಳಿತೈತಿ."

ಎರಡನೆಯದು ಮನೆಯಲ್ಲೇ ಕೂತು ಓದುವುದು, ಪಾಠ ಅಂಚೆಯಲ್ಲಿ.
"ಅಂಚ್ಯಾಗ ಹೆಜ್ಜಿ ಗುರುತು ಬರ್ತಾವೇನ್ರಿ?"
ಎನ್ನುತ್ತ ತಾನೇ ಗೀಟು ಎಳೆದಳು.

ಫೋನನ್ನು ಸ್ಕ್ಯಾನರ್ ಗಾಜಿನ ಮೇಲಿಟ್ಟು
ಸ್ಪೀಕರ್ ಹಾಕಿದೆವು.
ಸಿಂಹದವರು ಮೊದಲ ರಿಂಗಿಗೇ ಎತ್ತಿದರು.
ವೈಫೈ ಇದೆ, ಪ್ಲೇಸ್‌ಮೆಂಟ್ ಇದೆ,
ಇವತ್ತೇ ಕಟ್ಟಿದರೆ ಬ್ಯಾಗು ಉಚಿತ.
"ವರ್ಷಕ್ಕ ಎಷ್ಟು ದಿನ ಅಡವ್ಯಾಗ ಇರ್ತೀರಿ?"
ಆ ಕಡೆ ಸ್ವಲ್ಪ ಹೊತ್ತು ಎ.ಸಿ.ಯ ಸದ್ದು.
"ಸೇಫ್ಟಿ ನೋಡ್ಬೇಕಲ್ವಾ ಮೇಡಂ… ವಿಡಿಯೋ ತೋರಿಸ್ತಾರೆ."

ಮೂರನೆಯದು ಘಟ್ಟದ ಕಡೆಯ ಸರ್ಕಾರಿ ಕಾಲೇಜು.
ರಿಂಗಾಯಿತು, ಸತ್ತಿತು. ಮತ್ತೆ. ಮತ್ತೆ.
ನಾಲ್ಕನೇ ಸಲ ಒಬ್ಬ ಕೆಮ್ಮಿದ:
"ಯಾರೂ ಇಲ್ಲಮ್ಮ.
ಮೇಷ್ಟ್ರು ಹುಡುಗರನ್ನೆಲ್ಲ ಕರ್ಕೊಂಡು ಕಾಡಿಗೆ ಹೋಗಿದ್ದಾರೆ.
ಸೋಮವಾರ ಮಾಡು. ನಾನು ಬಾಗಿಲು ಕಾಯೋನು."
"ಹಾಸ್ಟೆಲ್ಲು?"
"ಸೋರತ್ತೆ."
ಹಾಗೆ ಹೇಳಿದ್ದಕ್ಕೆ ಬೇಜಾರಾಯಿತೇನೋ,
"ಸಾರು ಚೆನ್ನಾಗಿರತ್ತೆ" ಎಂದು ಸೇರಿಸಿದ.

"ಯಾರೂ ಇಲ್ಲಂತಪ್ಪ!"
ರಿಸಲ್ಟ್ ಬಂದವಳ ಹಾಗೆ ಎದ್ದುನಿಂತಿದ್ದಳು.
"ಇದನ್ನ ಒಂದನೇದು ಹಾಕ್ರಿ. ಇದೊಂದನ್ನ."

ಒಂದೇ ಹಾಕಬಾರದು ತಂಗಿ, ಎಂದೆ.
ಸೀಟು ಸಿಗದಿದ್ದರೆ ಕೈ ಖಾಲಿ.
ಕೇಳಲಿಲ್ಲ. ಕೊನೆಗೆ ಅಂಥದೇ ಇನ್ನೊಂದು ಸರ್ಕಾರಿಯದನ್ನು
ಎರಡನೆಯದಾಗಿ ಒಪ್ಪಿದಳು,
ಅಲ್ಲಿಗೂ ಫೋನ್ ಮಾಡಿ, ಅಲ್ಲಿ ಯಾರೋ ಇದ್ದಾರೆಂದು ಮುಖ ಸಣ್ಣ ಮಾಡಿ.

"ಇದಕ್ಕೆಷ್ಟು?"
ನಾಲ್ಕು ವರ್ಷಕ್ಕೆ, ಊಟ ಸೇರಿ, ನಾನೇ ಕುರಿಯಲ್ಲಿ ಹೇಳಿದೆ:
ಹನ್ನೊಂದು.
ಕಂಬಳಿ ಭುಜದಿಂದ ಭುಜಕ್ಕೆ ಹೋಯಿತು.
"ಹ್ವಾದ ವರ್ಷ ತೋಳನ ಪಾಲು ನಾಕು ಮರಿ ಹ್ವಾದವು.
ಹೊಯ್ಕೊಂಡ್ನೇನು? ಅದರ ಅಡವಿ, ಅದು ತಿಂತು.
ಇದೂ ಒಂದು ಪಾಲು."
"ಹೊಯ್ಕೊಂಡಿದ್ದಿ. ರಾತ್ರಿಯೆಲ್ಲ,"
ಸ್ಕ್ರೀನಿನಿಂದ ಕಣ್ಣು ತೆಗೆಯದೆ ಮಗಳೆಂದಳು.
"ಹ್ಞೂಂ. ಒಂದು ರಾತ್ರಿ."

ಪಾಸ್‌ವರ್ಡ್ ಕೇಳಿದೆ:
ಅಕ್ಷರ ಬೇಕು, ಅಂಕಿ ಬೇಕು, ಮರೀಬಾರದು.
"ತೋಳ ಅಂತ ಹಾಕ್ರಿ. ಮುಂದ ಎಂಬತ್ತಾರು."
ಎಂಬತ್ತಾರು ಯಾಕೆ?
"ಅಷ್ಟು ಅದಾವು."

ಪ್ರಿಂಟಿಗೆ ಹತ್ತು ರೂಪಾಯಿ ಕೊಟ್ಟು
ಕನಕಗಿರಿ ಬಸ್ಸಿಗೆ ಓಡಿದರು ಇಬ್ಬರೂ.
ಎಂಬತ್ತಾರರಲ್ಲಿ ಹನ್ನೊಂದು ಕಳೆದೆ, ಸುಮ್ಮನೆ.
ಮಾರಿದ ಮೇಲೆ ಪಾಸ್‌ವರ್ಡ್ ಬದಲಿಸುತ್ತೀಯೇನಮ್ಮ
ಎಂದು ಕೂಗಬೇಕೆನ್ನಿಸಿತು.
ಬಸ್ಸು ಆಗಲೇ ತಿರುಗಿತ್ತು.

ಸ್ಕ್ಯಾನರಿನ ಗಾಜಿನ ಮೇಲೆ ಕಂಬಳಿಯ ಒಂದು ಕರಿ ಎಳೆ
ಉಳಿದಿತ್ತು, ನಾನು ನೋಡಿರಲಿಲ್ಲ.
ಮುಂದೆ ಬಂದವನ ಪಹಣಿಯಲ್ಲಿ,
ಸರ್ವೆ ನಂಬರಿನ ಮೇಲೆ,
ಅದು ಸಣ್ಣಗೆ, ಕಾಲುದಾರಿಯ ಹಾಗೆ ಮೂಡಿಬಂತು.